ವೈನ್ ಕೋರ್ಸಿಗೆ ಹಣ ಕಟ್ಟುವ ಮುನ್ನ ನಾನು ಕೇಳಿದ ಪ್ರಶ್ನೆಗಳು

ಕಾರವಾರದ ಹೋಟೆಲೊಂದರ ರೆಸ್ಟೋರೆಂಟಿನಲ್ಲಿ ನಾನು ಕ್ಯಾಪ್ಟನ್. ಬಿಯರ್, ವಿಸ್ಕಿ, ರಮ್ ವಿಷಯದಲ್ಲಿ ಗ್ರಾಹಕರಿಗೆ ನಾಲ್ಕು ಮಾತು ಹೇಳಬಲ್ಲೆ. ವೈನ್ ಪಟ್ಟಿಯನ್ನು ಮಾತ್ರ ಮೇಜಿನ ಮೇಲಿಟ್ಟು ಮೆಲ್ಲಗೆ ಸರಿದುಬಿಡುತ್ತಿದ್ದೆ. ಬೆಂಗಳೂರಿನಿಂದ ಬರುವವರ ಪ್ರಶ್ನೆಗಳು ಹೆಚ್ಚಾದಾಗ ಮಾಲೀಕರೇ, ‘ಎಲ್ಲಾದರೂ ಕಲಿತುಕೊಂಡು ಬಾ, ಅರ್ಧ ಖರ್ಚು ನನ್ನದು’ ಎಂದರು. ಉಳಿದರ್ಧ ನನ್ನದಾದ್ದರಿಂದ ಹುಡುಕಾಟ ಚೆನ್ನಾಗಿಯೇ ನಡೆಯಿತು.

ನಂದಿ ಬೆಟ್ಟದ ಕಡೆಗೋ ನಾಸಿಕಕ್ಕೋ ಹೋಗಿ ದ್ರಾಕ್ಷಿ ತೋಟ ಸುತ್ತಿ, ಕೊನೆಗೆ ಕೆಲವು ವೈನ್ ರುಚಿ ನೋಡಿ ಬರುವುದನ್ನೂ ಕೆಲವರು ಕೋರ್ಸ್ ಎಂದೇ ಮಾರುತ್ತಾರೆ. ಓಕ್ ಪೀಪಾಯಿಗಳನ್ನು ಕಣ್ಣಾರೆ ಕಾಣಲು ಅದು ಒಳ್ಳೆಯದೇ. ಆದರೆ ಅಲ್ಲಿ ಸಿಗುವುದೆಲ್ಲ ಒಂದೇ ಕಂಪನಿಯ ಮಾಲು, ಹೋಲಿಸಲು ಬೇರೊಂದಿರುವುದಿಲ್ಲ. ಆನ್‌ಲೈನ್ ತರಗತಿಗಳಲ್ಲಿ ಪಾಠ ಅಗ್ಗ, ಬಾಟಲಿ ನಮ್ಮದು. ಒಂದೊಂದು ಗುಟುಕಿಗಾಗಿ ಐದಾರು ಬಾಟಲಿ ತೆರೆದರೆ ಉಳಿದದ್ದು ಕೆಲವೇ ದಿನಗಳಲ್ಲಿ ರುಚಿ ಕೆಡುತ್ತದೆ.

ಉಳಿದದ್ದು ಎದುರಿಗೆ ಕೂತು ಕಲಿಯುವ ತರಗತಿ. ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪುವ ಹೆಸರು 1969ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಡಬ್ಲ್ಯುಎಸ್‌ಇಟಿ, ಅಂದರೆ ವೈನ್ ಅಂಡ್ ಸ್ಪಿರಿಟ್ ಎಜುಕೇಶನ್ ಟ್ರಸ್ಟ್ ಎಂಬ ಶಿಕ್ಷಣ ಸಂಸ್ಥೆ. ಅದರ ಮೊದಲ ಹಂತಕ್ಕೆ ಪೂರ್ವಜ್ಞಾನ ಬೇಡ. ಕನಿಷ್ಠ 6 ಗಂಟೆಯ ಪಾಠ, ಕೊನೆಗೆ 30 ಬಹು ಆಯ್ಕೆಯ ಪ್ರಶ್ನೆಗಳು. ಪ್ರಮಾಣಪತ್ರ ಬೇಡದವರಿಗೆ ಪರೀಕ್ಷೆಯಿಲ್ಲದ ಒಂದು ದಿನದ ತರಗತಿಗಳೂ ಇವೆ. ಸ್ವಂತ ಖುಷಿಗೆ ಕಲಿಯುವವರಿಗೆ ಅಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ.

ಹೆಸರಿಗಿಂತ ನಾನು ಹೆಚ್ಚು ವಿಚಾರಿಸಿದ್ದು ಗ್ಲಾಸಿನ ಲೆಕ್ಕವನ್ನು. ಒಂದು ಬಾಟಲಿಯಲ್ಲಿ 750 ಮಿಲಿಲೀಟರ್ ಇರುತ್ತದೆ. ತಲಾ 50 ಮಿಲಿಲೀಟರಿನಂತೆ ಹಂಚಿದರೆ 15 ಜನರಿಗೆ ಮುಗಿಯಿತು. 25 ಜನರನ್ನು ಕೂಡಿಸಿ ಒಂದೇ ಬಾಟಲಿ ತೆರೆದರೆ ತಲೆಗೆ 30 ದಕ್ಕುತ್ತದೆ, ಅದರಲ್ಲಿ ಮೂಸಿ, ಕುಡಿದು, ಮತ್ತೆ ಮೂಸುವಷ್ಟು ಉಳಿಯುವುದಿಲ್ಲ. ಎರಡನೆಯ ಪ್ರಶ್ನೆ: ವೈನುಗಳನ್ನು ಒಂದಾದ ಮೇಲೊಂದು ಕೊಡುತ್ತೀರೋ, ಜೋಡಿಯಾಗಿ ಪಕ್ಕಪಕ್ಕ ಇಡುತ್ತೀರೋ? ಮೂರನೆಯದು: ಉಗುಳುವ ಪಾತ್ರೆ ಇರುತ್ತದೆಯೇ? ಇದಕ್ಕೆ ಒಂದು ಕಡೆಯವರು ನಕ್ಕರು. ಅವರನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಏಳೆಂಟು ವೈನ್ ನುಂಗಿದ ಮೇಲೆ ಯಾರ ನಾಲಿಗೆಯೂ ನಿಜ ಹೇಳುವುದಿಲ್ಲ. ಕೊನೆಯದು ನಮ್ಮಂಥವರ ಪಾಡು: ಬಹುತೇಕ ತರಗತಿಗಳು ಶನಿವಾರ, ಭಾನುವಾರ, ಆ ಎರಡು ದಿನ ಹೋಟೆಲಿನವರಿಗೆ ರಜೆ ಎಂಬುದೇ ಇಲ್ಲ.

ಕೊನೆಗೆ ಗೋವೆಯಲ್ಲಿ ವಾರದ ನಡುವೆ ನಡೆಯುವ ತರಗತಿಯೊಂದು ಸಿಕ್ಕಿತು. ಕೊಂಕಣ ರೈಲಿನಲ್ಲಿ ಮಡಗಾಂವಿಗೆ ಹೋಗಿ ಬಂದರಾಯಿತು. ಸುಗಂಧ ಪೂಸಿಕೊಂಡು ಬರಬೇಡಿ, ಮಲ್ಲಿಗೆ ಮುಡಿಯಬೇಡಿ ಎಂದು ಮೊದಲೇ ತಿಳಿಸಿದ್ದರು. ಶಿಸ್ತಿನ ಜನ ಎಂದು ಆಗಲೇ ಅನ್ನಿಸಿತು. ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಓರೆಮಾಡಿ ಬಣ್ಣ ನೋಡುವುದು, ತಿರುಗಿಸಿ ಮೂಸುವುದು, ಆಮೇಲೆ ಬಾಯಿಗೆ ಹಾಕಿ ಸಿಹಿ, ಹುಳಿ, ಒಗರುಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳುವುದು, ಇಷ್ಟೇ ಕ್ರಮ. ಎರಡು ಕೆಂಪು ವೈನ್ ಪಕ್ಕಪಕ್ಕ ಇಟ್ಟಾಗ ನನಗೆ ಬೆಳಕಾಯಿತು. ಒಂದು ನೀರಿನಂತೆ ಇಳಿದುಹೋಯಿತು. ಇನ್ನೊಂದು, ಕ್ಯಾಬರ್ನೆ ಸಾವಿನ್ಯೋನ್ ಎಂಬ ದ್ರಾಕ್ಷಿಯದು, ಎಳೆ ಅಡಿಕೆ ಜಗಿದ ಹಾಗೆ ವಸಡನ್ನೇ ಬಿಗಿಹಿಡಿಯಿತು. ಅದೇ ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವಂಥದ್ದು. ಒಂದೊಂದಾಗಿ ಕೊಟ್ಟಿದ್ದರೆ ಎರಡನ್ನೂ ‘ಕೆಂಪು’ ಎಂದು ಬರೆದು ಮುಗಿಸುತ್ತಿದ್ದೆ.

ಪರಿಮಳಗಳ ಪಟ್ಟಿಯಲ್ಲಿ ಬ್ಲ್ಯಾಕ್‌ಕರಂಟ್ ಎಂದಿತ್ತು. ಆ ಹಣ್ಣನ್ನು ನಾನು ಕಂಡೇ ಇಲ್ಲ. ಪೇರಲ, ನೇರಳೆ, ಕವಳಿ, ಲವಂಗ ಎಂದು ಬರೆದದ್ದನ್ನು ಬೋಧಕಿ ತಿದ್ದಲಿಲ್ಲ. ಸಾವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ಪೇರಲ ನಿಜಕ್ಕೂ ಇದೆ ಎಂದರು. ಪರೀಕ್ಷೆಗೆ ಅವರ ಪಟ್ಟಿಯನ್ನೂ ಬಾಯಿಪಾಠ ಮಾಡಿದೆ, ಅದು ಬೇರೆ ಮಾತು.

ಮನೆಯಲ್ಲಿ ಅಭ್ಯಾಸಕ್ಕೆಂದು ಗೋವೆಯ ಅಗ್ಗದ ಬಾಟಲಿಗಳನ್ನು ಚೀಲಕ್ಕೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಗೋವಾ ಗಡಿಯ ಮಾಜಾಳಿ ತನಿಖಾ ಠಾಣೆಯಲ್ಲಿ ಅಬಕಾರಿಯವರು ಇದ್ದಾರೆಂಬುದು ನೆನಪಿರಲಿ. ನಾನು ಕರ್ನಾಟಕದಲ್ಲೇ ಸಿಗುವವನ್ನು ಕೊಂಡು ಸಹೋದ್ಯೋಗಿಗಳೊಂದಿಗೆ ಖರ್ಚು ಹಂಚಿಕೊಳ್ಳುತ್ತೇನೆ.

ಕೆಲಸದಲ್ಲಿ ಆದ ಬದಲಾವಣೆ ಎರಡು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕೊಡಬೇಕು ಎನ್ನುವ ಮಾತು 15ರಿಂದ 18 ಡಿಗ್ರಿಯ ಕೋಣೆಗೆ ಸೇರಿದ್ದು, ಏಪ್ರಿಲಿನ ಕಾರವಾರಕ್ಕಲ್ಲ. ಹಾಗಾಗಿ ಈಗ ಬಾಟಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿದ್ದು ಬರುತ್ತದೆ. ಇನ್ನೊಂದು, ಖಾರದ ಬಂಗಡೆ ಸಾರಿನ ಜೊತೆ ಒಗರಿನ ಕೆಂಪು ಕೇಳಿದವರಿಗೆ ಉರಿ ಇನ್ನೂ ಏರುತ್ತದೆ ಎಂದು ತಿಳಿಸಿ, ತುಸು ಸಿಹಿಯಿರುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ತೋರಿಸುತ್ತೇನೆ. ಕೆಲವರು ಒಪ್ಪುತ್ತಾರೆ. ಉಳಿದವರು ಬಿಯರ್ ತರಿಸಿಕೊಳ್ಳುತ್ತಾರೆ.