ಅಮೆರಿಕಕ್ಕೆ ಟಿಡಿಎಸ್ ಮೀಟರ್ ಒಯ್ಯಬೇಡಿ

ಮೊನ್ನೆ ಹುಬ್ಬಳ್ಳಿಗೆ ಬಂದಿದ್ದೆ. ವಿದ್ಯಾನಗರದ ಮನೆಯಲ್ಲಿ ತಂಗಿಯ ಮಗ ನ್ಯೂಜೆರ್ಸಿಗೆ ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದ. ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿಯ ನಡುವೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಒಂದು ಟಿಡಿಎಸ್ ಮೀಟರ್. ನಾನೂ ಹೋಗುವಾಗ ಅದನ್ನೇ ಒಯ್ದಿದ್ದೆ. ಅದನ್ನು ನಂಬಿ 4,000 ಡಾಲರ್ ಕಳೆದುಕೊಂಡೆ.

ಅಲ್ಲೀಗ ನೀರಿನ ದೊಡ್ಡ ಚಿಂತೆ ಪಿಫಾಸ್. ನಾನ್‌ಸ್ಟಿಕ್ ಪಾತ್ರೆ, ಬೆಂಕಿ ಆರಿಸುವ ನೊರೆಗೆಲ್ಲ ಬಳಸಿದ ರಾಸಾಯನಿಕಗಳಿವು. 2024ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಇವುಗಳಲ್ಲಿ ಪಿಎಫ್‌ಒಎ, ಪಿಎಫ್‌ಒಎಸ್ ಎರಡಕ್ಕೂ 4 ಪಿಪಿಟಿ ಮಿತಿ ಹಾಕಿತು. ಅಂದರೆ ಲಕ್ಷ ಕೋಟಿಯಲ್ಲಿ ನಾಲ್ಕು ಭಾಗ. ನಮ್ಮ ಮೀಟರ್ ಲೆಕ್ಕ ಹಾಕುವುದು ಹತ್ತು ಲಕ್ಷದಲ್ಲಿ! ಪಿಫಾಸ್ ಅದಕ್ಕೆ ಕಾಣುವುದೇ ಇಲ್ಲ. ಗದಗ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಮುಂಡರಗಿ ಕಡೆಯ ಬೋರಿನ ನೀರು ನೋಡಲು ಎಷ್ಟು ತಿಳಿ, ಆದರೆ ಫ್ಲೋರೈಡ್ ಹಲ್ಲಿನ ಮೇಲೆ ಕಾಣುತ್ತದೆ. ಇನ್ನೊಂದು ಮಾತು, ಪಿಫಾಸ್ ಕುದಿಸಿದರೆ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದಿದ್ದರಲ್ಲಿ ಅದರ ಪ್ರಮಾಣ ಜಾಸ್ತಿ.

ಈಗ ನನ್ನ ಕಥೆ. ಒಂದು ಗುರುವಾರ ಸಂಜೆ ಒಬ್ಬ ಬಾಗಿಲಿಗೆ ಬಂದ. ನೀರಿನ ಪರೀಕ್ಷೆ ಫ್ರೀ ಅಂದ. ನಳದ ನೀರಿಗೆ ಎರಡು ಕಡ್ಡಿ ಅದ್ದಿ ಕರೆಂಟ್ ಕೊಟ್ಟ. ನೀರು ಕಂದು ಗಸಿಯಾಯಿತು. ಹೆಂಡತಿ ಹೌಹಾರಿದಳು. ನಾನು ಜಾಣನಂತೆ ಮೀಟರ್ ತಂದು ಅದ್ದಿದೆ. 240 ತೋರಿಸಿತು, ಅದು ಕರಗಿದ ಲವಣದ ಲೆಕ್ಕ ಅಷ್ಟೇ. ಅವನಿಗೆ ಇನ್ನೇನು ಬೇಕು? ಕಂತಿನ ಕಾಗದಕ್ಕೆ ಸಹಿ ಹಾಕಿಸಿಕೊಂಡೇ ಹೋದ. ಆ ಗಸಿ ಕಡ್ಡಿಯ ಕಬ್ಬಿಣದ್ದೇ ಎಂದು ಆಮೇಲೆ ತಿಳಿಯಿತು. ಲವಣ ಇರುವ ಯಾವ ಒಳ್ಳೆಯ ನೀರೂ ಹಾಗೇ ಆಗುತ್ತದೆ. ಕೊಂಡದ್ದು ಬರೀ ಸಾಫ್ಟ್‌ನರ್. ಗಡಸು ನೀರಿಗೆ ಸರಿ, ಪಿಫಾಸ್‌ಗೆ ಉಪಯೋಗವಿಲ್ಲ.

ಮನೆಗೆ ಬಂದು ಮಾಡಿದ 25 ಡಾಲರ್‌ಗಿಂತ ದೊಡ್ಡ ಮಾರಾಟವನ್ನು ಮೂರು ಕೆಲಸದ ದಿನಗಳೊಳಗೆ ರದ್ದು ಮಾಡಬಹುದು. ಇದು ಫೆಡರಲ್ ನಿಯಮ. ಶನಿವಾರವೂ ಲೆಕ್ಕಕ್ಕೆ ಬರುತ್ತದೆ, ಅದೇ ಮೋಸ! ನನ್ನ ಗಡುವು ಸೋಮವಾರ ಮಧ್ಯರಾತ್ರಿಗೆ ಮುಗಿಯಿತು. ನಾನು ಎಚ್ಚೆತ್ತದ್ದು ಮಂಗಳವಾರ. ರದ್ದತಿ ಫಾರಂ ಕಾಗದದ ಕಟ್ಟಿನ ತಳದಲ್ಲೇ ಇತ್ತು.

ಮೊದಲು ನೀರಿನ ಕಂಪನಿಯ ವರದಿ ಓದಿ. ವರ್ಷಾ ವರ್ಷಾ ಜುಲೈ 1ರೊಳಗೆ ಕೊಡಲೇಬೇಕು. ಬಾಡಿಗೆ ಮನೆಗೆ ಅದು ಬರದೇ ಇರಬಹುದು, ಆನ್‌ಲೈನ್‌ನಲ್ಲಿ ಹುಡುಕಿ. ಎಂಟು ದಿನಕ್ಕೊಮ್ಮೆ ನಳ ಬಿಟ್ಟರೆ ಸಾಕು ಅಂತಿದ್ದ ನಮಗೆ ಇಂಥ ವರದಿ ಯಾರು ಕೊಟ್ಟಿದ್ದರು? ಇದರಲ್ಲಿ ಅವರೇ ಮೇಲು. ಆದರೆ ಆ 4 ಪಿಪಿಟಿ ಮಿತಿ ಪಾಲಿಸಲು ನೀರಿನ ಕಂಪನಿಗಳಿಗೆ 2029ರವರೆಗೆ ಕೊಟ್ಟಿದ್ದ ಗಡುವನ್ನು 2031ಕ್ಕೆ ತಳ್ಳುತ್ತೇವೆ ಅಂತ 2025ರಲ್ಲಿ ಇಪಿಎ ಹೇಳಿತು. ಮುಂದೂಡುವುದರಲ್ಲಿ ಎಲ್ಲಾ ಸರ್ಕಾರಗಳೂ ಒಂದೇ, ಅಲ್ವಾ? ಸ್ವಂತ ಬಾವಿ ಇರುವ ಮನೆಗೆ ಆ ಫೆಡರಲ್ ಮಿತಿಯೇ ಅನ್ವಯಿಸಲ್ಲ. ಲ್ಯಾಬ್ ಪರೀಕ್ಷೆ ನೀವೇ ಮಾಡಿಸಬೇಕು.

ಫಿಲ್ಟರ್ ಬೇಕೇ ಬೇಕಾದರೆ ಅಡುಗೆಮನೆ ನಳಕ್ಕೆ ಒಂದು ಸಾಕು. ಕಾರ್ಬನ್ ಆದರೆ ಎನ್‌ಎಸ್‌ಎಫ್ ಎಂಬ ಸಂಸ್ಥೆಯ ಮಾನದಂಡ 53, ಆರ್‌ಒ ಆದರೆ 58, ಜೊತೆಗೆ ಪಿಫಾಸ್ ಹೆಸರೂ ಡಬ್ಬಿಯ ಮೇಲಿರಬೇಕು. ಬರೀ 42 ಇದ್ದರೆ ರುಚಿ, ವಾಸನೆಗೆ ಮಾತ್ರ. ಕಾರ್ಟ್ರಿಜ್ ಬದಲಿಸುವ ತಾರೀಖು ಫೋನಿಗೆ ಹಾಕಿಕೊಳ್ಳಿ. ರಾಣೆಬೆನ್ನೂರಿನ ನಮ್ಮ ಗೆಳೆಯ ಒಂದೇ ಕಾರ್ಟ್ರಿಜ್‌ನಲ್ಲಿ ಮೂರು ವರ್ಷ ತಳ್ಳಿದ್ದಾನೆ.