ಹಳೆಯ ಜಿಯಾನ್‌ನಿಂದ ಮನೆಗೊಂದು ಸರ್ವರ್: ಮೊದಲು ಬೋರ್ಡು, ಆಮೇಲೆ ಪ್ರೊಸೆಸರು

ಇಂಟೆಲ್ ಕಂಪನಿ 2016ರ ಮಾರ್ಚ್‌ನಲ್ಲಿ ಸರ್ವರ್‌ಗಳಿಗೆಂದು ಮಾಡಿದ ಜಿಯಾನ್ ಇ5-2680 ವಿ4 ಪ್ರೊಸೆಸರನ್ನು ಬಿಡುಗಡೆ ಮಾಡಿದಾಗ ಅದರ ಪಟ್ಟಿಬೆಲೆ 1745 ಡಾಲರ್ ಇತ್ತು. 14 ಕೋರ್, 28 ಥ್ರೆಡ್, ನಾಲ್ಕು ಮೆಮೊರಿ ಚಾನೆಲ್ (ಮೆಮೊರಿಯನ್ನು ತಲುಪುವ ದಾರಿ), ಕಾರ್ಡುಗಳನ್ನು ಜೋಡಿಸಲು 40 ಪಿಸಿಐಇ ಲೇನ್‌ಗಳಿರುವ ಅದೇ ಪ್ರೊಸೆಸರ್ ಇಂದು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಆ ಬೆಲೆಯ ತೀರಾ ಚಿಕ್ಕದೊಂದು ಪಾಲಿಗೆ ಸಿಗುತ್ತದೆ. ಕಂಪನಿಗಳೂ ಡೇಟಾ ಸೆಂಟರ್‌ಗಳೂ ವರ್ಷಗಟ್ಟಲೆ ದುಡಿಸಿ ಕೈಬಿಟ್ಟ ಸರ್ವರ್‌ಗಳನ್ನು ವ್ಯಾಪಾರಿಗಳು ಲಾಟ್ ಲೆಕ್ಕದಲ್ಲಿ ಕೊಂಡು, ಬಿಚ್ಚಿ, ಬಿಡಿಭಾಗಗಳಾಗಿ ಮಾರುತ್ತಾರೆ. ಪ್ರೊಸೆಸರಿನಲ್ಲಿ ತಿರುಗುವ, ಸವೆಯುವ ಭಾಗ ಯಾವುದೂ ಇಲ್ಲದಿರುವುದರಿಂದ ಅದು ಸುಲಭಕ್ಕೆ ಕೆಡುವ ವಸ್ತುವಲ್ಲ. ಬಳಸಿದ್ದು ಎಂಬ ಕಾರಣಕ್ಕೆ ಅದನ್ನು ಕೊಳ್ಳಲು ಹಿಂಜರಿಯಬೇಕಾಗಿಲ್ಲ.

ಹಿಂಜರಿಯಬೇಕಾದದ್ದು ಮದರ್‌ಬೋರ್ಡಿನ ವಿಷಯದಲ್ಲಿ. ದೊಡ್ಡ ತಯಾರಕರ ಸರ್ವರ್ ಬೋರ್ಡುಗಳು ಅವರವರ ಪೆಟ್ಟಿಗೆಗೆ ಮಾತ್ರ ಹೊಂದುವ ಆಕಾರದಲ್ಲಿರುವುದರಿಂದ ಹೆಚ್ಚಿನವು ಗುಜರಿಗೆ ಹೋಗುತ್ತವೆ, ಪ್ರೊಸೆಸರ್ ಮಾತ್ರ ಉಳಿಯುತ್ತದೆ. ಹೀಗಾಗಿ ಮನೆಯ ಸಾಮಾನ್ಯ ಕ್ಯಾಬಿನೆಟ್ಟಿನಲ್ಲಿ ಕೂರುವ ಒಳ್ಳೆಯ ಬೋರ್ಡಿಗೆ ಕೊರತೆ, ಪ್ರೊಸೆಸರಿಗೆ ಧಾರಾಳ. ಪ್ರೊಸೆಸರಿನ ಅಗ್ಗದ ಬೆಲೆ ಕಂಡು ಅದನ್ನು ಮೊದಲು ಕೊಂಡವರು ಆಮೇಲೆ ಬೋರ್ಡ್ ಹುಡುಕುತ್ತಾ ಮೂಗಿಗಿಂತ ಮೂಗುತಿ ಭಾರವಾಯಿತೆಂದು ಪರಿತಪಿಸುವುದನ್ನು ನಾನು ಹಲವು ಸಲ ನೋಡಿದ್ದೇನೆ. ಆದ್ದರಿಂದ ಈ ಲೇಖನದ ಕ್ರಮವೂ ಅದಕ್ಕೆ ತಕ್ಕಂತೆಯೇ ಇದೆ.

ಯಾರಿಗೆ, ಯಾವುದಕ್ಕೆ

ಡೊಂಬಿವಲಿಯ ನಮ್ಮ ಮನೆಯಲ್ಲಿರುವ ಸರ್ವರ್ ಎರಡು ಕೆಲಸ ಮಾಡುತ್ತದೆ. ಮನೆಮಂದಿಯ ಫೋಟೊ, ಕಾಗದಪತ್ರಗಳನ್ನು ಕಾಯುವುದು ಒಂದು. ನಮ್ಮ ಕನ್ನಡ ಸಂಘದ ಹಿರಿಯರು ಕ್ಯಾಸೆಟ್ಟುಗಳಲ್ಲಿ ಉಳಿಸಿಕೊಂಡಿದ್ದ ತಾಳಮದ್ದಳೆ, ಯಕ್ಷಗಾನದ ಧ್ವನಿಮುದ್ರಣಗಳನ್ನು ಡಿಜಿಟಲ್ ರೂಪಕ್ಕೆ ತಂದು ಇಟ್ಟುಕೊಳ್ಳುವುದು ಇನ್ನೊಂದು. ಇಂಥ ಕೆಲಸಕ್ಕೆ, ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಮಷೀನ್‌ಗಳನ್ನು (ತಂತ್ರಾಂಶವೇ ರೂಪಿಸುವ ಕಂಪ್ಯೂಟರ್‌ಗಳನ್ನು) ನಡೆಸಿ ಕಲಿಯಬಯಸುವ ವಿದ್ಯಾರ್ಥಿಗಳಿಗೆ, ಬ್ಲೆಂಡರ್‌ನಂಥ 3ಡಿ ತಂತ್ರಾಂಶದಲ್ಲಿ ರೆಂಡರ್ ಮಾಡುವವರಿಗೆ ಈ ಹಳೆಯ ಪ್ರೊಸೆಸರ್‌ಗಳು ಹೇಳಿ ಮಾಡಿಸಿದಂತಿವೆ. ಆದರೆ ಬಿಲ್ಲು, ಬ್ರೌಸರ್, ಫೋಟೊ ತಿದ್ದುವುದು, ಆಟ ಇಷ್ಟೇ ನಿಮ್ಮ ಅಗತ್ಯವಾದರೆ ದಯವಿಟ್ಟು ಈ ಗೊಡವೆಗೆ ಬರಬೇಡಿ. ಇ5-2680 ವಿ4ರ ಒಂದು ಕೋರ್ ಹೆಚ್ಚೆಂದರೆ 3.3 ಗಿಗಾಹರ್ಟ್ಸ್ ವೇಗ ಮುಟ್ಟುತ್ತದೆ. ಅಂಥ ಕೆಲಸಗಳಲ್ಲಿ ಇಂದಿನ ಸಾಮಾನ್ಯ ಐ5 ಕೂಡ ಅದನ್ನು ಹಿಂದೆ ಹಾಕುತ್ತದೆ.

ಪೀಳಿಗೆಯ ಆಯ್ಕೆ ಸರಳ. ಇ5 ಸರಣಿಯ ಮೊದಲ ಎರಡು ಪೀಳಿಗೆಗಳು ಡಿಡಿಆರ್3 ಮೆಮೊರಿಯ ಕಾಲದವು, ಅವುಗಳಲ್ಲಿ ಒಮ್ಮೆಲೇ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಎವಿಎಕ್ಸ್2 ಸೌಲಭ್ಯವಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆ ಆ ಸೌಲಭ್ಯವಿಲ್ಲದ ಪ್ರೊಸೆಸರ್ ಮೇಲೆ ನಡೆಯುವುದೇ ಇಲ್ಲವಾದ್ದರಿಂದ, ಎಷ್ಟೇ ಅಗ್ಗವಾದರೂ ಅವನ್ನು ಬಿಟ್ಟುಬಿಡಿ. 2014ರ ವಿ3 ಮತ್ತು 2016ರ ವಿ4 ಪೀಳಿಗೆಗಳಲ್ಲಿ ನನ್ನ ಒಲವು ವಿ4 ಕಡೆಗೆ. ಇಂಟೆಲ್‌ನ ಎದುರಾಳಿ ಎಎಂಡಿಯ ಎಪಿಕ್ 7002 ಸರಣಿ ಇವೆಲ್ಲಕ್ಕಿಂತ ಬಲಶಾಲಿ, ಬೆಲೆಯೂ ಹಾಗೆಯೇ. ಕೆಲವು ತಯಾರಕರ ಸರ್ವರ್‌ನಿಂದ ತೆಗೆದ ಎಪಿಕ್ ಆ ತಯಾರಕರ ಬೋರ್ಡಿಗೆ ಶಾಶ್ವತವಾಗಿ ಲಾಕ್ ಆಗಿರುತ್ತದೆ, ಬೇರೆ ಬೋರ್ಡಿನಲ್ಲಿ ಏಳುವುದಿಲ್ಲ. ಲಾಕ್ ಇಲ್ಲವೆಂದು ಅಂಗಡಿಯವರಿಂದ ಬರೆಸಿಕೊಳ್ಳದೆ ಅದನ್ನು ಕೊಳ್ಳಬಾರದು.

ಬೋರ್ಡ್ ಕೊಳ್ಳುವಾಗ

ಮೊದಲ ಸಲ ಈ ಕೆಲಸಕ್ಕೆ ಇಳಿಯುವವರು ಒಂದೇ ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ), ಸಾಮಾನ್ಯ ಕ್ಯಾಬಿನೆಟ್ಟಿಗೆ ಹೊಂದುವ ಎಟಿಎಕ್ಸ್ ಅಳತೆಯ ಬೋರ್ಡನ್ನೇ ಹುಡುಕಬೇಕು. ಸೂಪರ್‌ಮೈಕ್ರೊದ ಎಕ್ಸ್10ಎಸ್‌ಆರ್‌ಎಲ್-ಎಫ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಎಂಟು ಮೆಮೊರಿ ಸ್ಲಾಟ್‌ಗಳಿವೆ, ಪರದೆ ಮತ್ತು ಕೀಬೋರ್ಡ್ ಇಲ್ಲದೆಯೇ ದೂರದಿಂದ ಯಂತ್ರವನ್ನು ನಿಯಂತ್ರಿಸುವ ಐಪಿಎಂಐ ವ್ಯವಸ್ಥೆಯೂ ಇದೆ. ಎರಡು ಸಾಕೆಟ್ಟಿನ ಬೋರ್ಡ್ ನೋಡಲು ಭರ್ಜರಿಯಾಗಿರುತ್ತದೆ ನಿಜ, ಆದರೆ ಎರಡನೆಯ ಪ್ರೊಸೆಸರ್ ಹಾಕದಿದ್ದರೆ ಆ ಬದಿಯ ಮೆಮೊರಿ ಸ್ಲಾಟ್‌ಗಳೂ ಕೆಲವು ಪಿಸಿಐಇ ಸ್ಲಾಟ್‌ಗಳೂ ಸತ್ತಂತೆಯೇ. ಹಾಕಿದರೆ ಕರೆಂಟ್ ಬಿಲ್ ಏರುತ್ತದೆ. ಆನ್‌ಲೈನ್‌ನಲ್ಲಿ ಸಿಗುವ, ಹಳೆಯ ಬೋರ್ಡಿನಿಂದ ಕಿತ್ತ ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಬೆಸೆಯುವ ಚಿಪ್) ಕೂರಿಸಿದ ಅಗ್ಗದ ಎಕ್ಸ್99 ಬೋರ್ಡುಗಳನ್ನು ಪ್ರಯೋಗಕ್ಕೆ ಬಳಸಬಹುದು. ಮತ್ತೆಂದೂ ಸಿಗದ ಧ್ವನಿಮುದ್ರಣಗಳನ್ನು ಇಡುವ ಯಂತ್ರಕ್ಕೆ ನಾನು ಅವನ್ನು ಹಾಕಲಾರೆ.

ಈ ಬಗೆಯ ಪ್ರೊಸೆಸರಿನಲ್ಲಿ ಪಿನ್‌ಗಳಿಲ್ಲ, 2011 ಪಿನ್‌ಗಳೂ ಬೋರ್ಡಿನ ಸಾಕೆಟ್ಟಿನಲ್ಲಿವೆ. ನಾನು ಕೊಂಡ ಮೊದಲ ಬೋರ್ಡನ್ನು ಅಂಗಡಿಯವರು ಪೂರ್ತಿ ಸರಿ ಇದೆಯೆಂದೇ ಕೊಟ್ಟಿದ್ದರು. ಮನೆಗೆ ತಂದು 16 ಜಿಬಿಯ ನಾಲ್ಕು ಮೆಮೊರಿ ಕಡ್ಡಿಗಳನ್ನು ಹಾಕಿದರೆ ಪರದೆಯ ಮೇಲೆ 64ರ ಬದಲು 48 ಜಿಬಿ ಎಂದೇ ಬರುತ್ತಿತ್ತು. ಮೆಮೊರಿ ಕೆಟ್ಟಿದೆಯೆಂದು ತಿಳಿದು ಕಡ್ಡಿಗಳನ್ನು ಅದಲು ಬದಲು ಮಾಡುವುದರಲ್ಲೇ ಎರಡು ರಾತ್ರಿ ಕಳೆದವು. ಮೂರನೆಯ ರಾತ್ರಿ ಪ್ರೊಸೆಸರನ್ನು ತೆಗೆದು, ಮೊಬೈಲಿನ ಟಾರ್ಚನ್ನು ಸಾಕೆಟ್ಟಿನ ಅಂಚಿಗೆ ಓರೆಯಾಗಿ ಹಿಡಿದಾಗ ಕಾರಣ ಕಂಡಿತು. ಪಿನ್‌ಗಳ ತುದಿಗಳು ಗದ್ದೆಯಲ್ಲಿ ಹಗ್ಗ ಹಿಡಿದು ನೆಟ್ಟ ನೇಜಿಯಂತೆ ಸಾಲುಸಾಲಾಗಿ ಮಿನುಗುತ್ತಿದ್ದವು. ಒಂದು ಮೂಲೆಯಲ್ಲಿ ಮಾತ್ರ ಒಂದು ಚುಕ್ಕಿ ಬೆಳಕು ಸಾಲು ತಪ್ಪಿ ಪಕ್ಕಕ್ಕೆ ವಾಲಿತ್ತು. ಆ ಒಂದು ಪಿನ್ ಬಾಗಿದ್ದರಿಂದ ಇಡೀ ಒಂದು ಮೆಮೊರಿ ಚಾನೆಲ್ ಕಾಣೆಯಾಗಿತ್ತು. ಅಷ್ಟರಲ್ಲಿ ಟೆಸ್ಟಿಂಗ್ ವಾರಂಟಿಯ, ಅಂದರೆ ಪರೀಕ್ಷಿಸಿ ನೋಡಿ ಕೆಟ್ಟಿದ್ದರೆ ಹಿಂದಿರುಗಿಸಬಹುದಾದ, ದಿನಗಳು ಮುಗಿದಿದ್ದವು.

ಅಂದಿನಿಂದ ಅಂಗಡಿಯಲ್ಲೇ, ಹಣ ಕೊಡುವ ಮುನ್ನ, ಸಾಕೆಟ್ಟಿನ ನಾಲ್ಕೂ ಬದಿಯಿಂದ ಓರೆ ಬೆಳಕು ಬಿಟ್ಟು ನೋಡುತ್ತೇನೆ. ಅನಂತರ ನಾಲ್ಕೂ ಚಾನೆಲ್‌ಗಳಿಗೆ ಒಂದೊಂದು ಕಡ್ಡಿ ಹಾಕಿಸಿ, ಬಯಾಸ್ (ಯಂತ್ರ ಏಳುವಾಗ ಮೊದಲು ನಡೆಯುವ ಬೋರ್ಡಿನ ತಂತ್ರಾಂಶ) ಪರದೆಯಲ್ಲಿ ಒಟ್ಟು ಮೆಮೊರಿ ಸರಿಯಾಗಿ ಬಂದಿದೆಯೇ ಎಂದು ನೋಡಿ, ಅದೇ ಪರದೆಯಲ್ಲಿ ಬಯಾಸ್ ಆವೃತ್ತಿಯನ್ನೂ ಓದಿಕೊಳ್ಳುತ್ತೇನೆ. ವಿ3 ಕಾಲದ ಬೋರ್ಡಿನಲ್ಲಿ ಹಳೆಯ ಬಯಾಸ್ ಇದ್ದರೆ ವಿ4 ಪ್ರೊಸೆಸರ್ ಏಳುವುದೇ ಇಲ್ಲ. ಸೂಪರ್‌ಮೈಕ್ರೊದ ಎಕ್ಸ್10 ಸರಣಿಗೆ 2.0 ಅಥವಾ ಅದಕ್ಕಿಂತ ಮೇಲಿನ ಆವೃತ್ತಿ ಬೇಕು. ಹಳೆಯದಿದ್ದರೆ ಅಂಗಡಿಯವರೇ ಅಪ್‌ಡೇಟ್ ಮಾಡಿಕೊಡಲಿ. ಟೆಸ್ಟಿಂಗ್ ವಾರಂಟಿ ಎಷ್ಟು ದಿನವೆಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ, ಪ್ಲಾಸ್ಟಿಕ್ಕಿನ ಸಾಕೆಟ್ ಮುಚ್ಚಳವನ್ನು ಕೇಳಿ ಪಡೆಯಿರಿ. ಮುಚ್ಚಳವಿಲ್ಲದ ಬೋರ್ಡನ್ನು ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಹೊತ್ತು ತರುವುದು ಪಿನ್‌ಗಳಿಗೆ ದೊಡ್ಡ ಅಪಾಯ.

ಇಷ್ಟೆಲ್ಲ ಹುಡುಕಾಟ ಬೇಡವೆನ್ನುವವರು ಇದೇ ಪೀಳಿಗೆಯ ಎಚ್‌ಪಿ ಜ಼ಡ್440 ಅಥವಾ ಡೆಲ್ ಪ್ರಿಸಿಷನ್ ಟಿ5810ನಂಥ ಇಡೀ ವರ್ಕ್‌ಸ್ಟೇಷನ್ನನ್ನೇ ಬಳಸಿದ ಮಾಲಿನಲ್ಲಿ ಕೊಳ್ಳಬಹುದು. ಬೋರ್ಡ್, ಪವರ್ ಸಪ್ಲೈ, ಕೂಲರ್ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ಬರುತ್ತವೆ. ಪವರ್ ಸಪ್ಲೈ ಕೆಟ್ಟರೆ ಮಾತ್ರ ಅದೇ ಮಾದರಿಯದ್ದನ್ನೇ ಹುಡುಕಬೇಕಾಗುತ್ತದೆ.

ಪ್ರೊಸೆಸರ್, ಮೆಮೊರಿ, ಕೂಲರ್

ಬೋರ್ಡ್ ಕೈಗೆ ಬಂದ ಮೇಲೆ ಪ್ರೊಸೆಸರ್ ಕೊಳ್ಳುವುದು ಹತ್ತು ನಿಮಿಷದ ಕೆಲಸ. ಲೋಹದ ಮೈಮೇಲೆ ‘ಎಸ್‌ಆರ್’ ಎಂದು ಆರಂಭವಾಗುವ ಸಂಕೇತವಿದ್ದರೆ ಅದು ಮಾರಾಟಕ್ಕೆಂದೇ ತಯಾರಾದದ್ದು. ‘ಇಂಟೆಲ್ ಕಾನ್ಫಿಡೆನ್ಷಿಯಲ್’ ಎಂದಿದ್ದರೆ ಪರೀಕ್ಷೆಗೆಂದು ಮಾಡಿದ ಮಾದರಿ, ಅದು ಬೇಡ. ಕಡಿಮೆ ಕರೆಂಟ್ ತಿನ್ನುತ್ತದೆಂದು ‘ಎಲ್’ ಅಕ್ಷರದ ಪ್ರೊಸೆಸರಿಗೆ ಹೆಚ್ಚು ಹಣ ಕೊಡುವವರಿದ್ದಾರೆ. ಅದರ ಕಡಿಮೆ ಕರೆಂಟಿನ ಮಿತಿ ಪೂರ್ಣ ಹೊರೆಯ ವೇಳೆಯದ್ದು; ಮನೆಯ ಸರ್ವರ್ ದಿನದ ಬಹುಪಾಲು ಸುಮ್ಮನೆ ಕುಳಿತಿರುವುದರಿಂದ ಉಳಿತಾಯ ಅಲ್ಪ.

ಮೆಮೊರಿ ಕಡ್ಡಿಯ ಚೀಟಿಯನ್ನು ಓದಲು ಕಲಿತರೆ ಮೋಸಹೋಗುವುದು ತಪ್ಪುತ್ತದೆ. ಪಿಸಿ4-2400ಟಿ ಎಂಬುದರ ನಂತರದ ಭಾಗ ‘ಆರ್’ ಅಕ್ಷರದಿಂದ ಆರಂಭವಾದರೆ ಅದು ರಿಜಿಸ್ಟರ್ಡ್ ಮೆಮೊರಿ, ‘ಎಲ್’ ಆದರೆ ಲೋಡ್ ರಿಡ್ಯೂಸ್ಡ್, ‘ಯು’ ಆದರೆ ಸಾಮಾನ್ಯ ಡೆಸ್ಕ್‌ಟಾಪ್‌ನದ್ದು. ಇವುಗಳನ್ನು ಬೆರೆಸುವಂತಿಲ್ಲ. ನಮಗೆ ಬೇಕಾದದ್ದು ‘ಆರ್’. ಅದು ಇಸಿಸಿ ಮೆಮೊರಿ, ಅಂದರೆ ಒಂದು ಬಿಟ್ ತಪ್ಪಾದರೆ ತಾನೇ ತಿದ್ದಿಕೊಳ್ಳುವಂಥದ್ದು. ಒಂದು ದೊಡ್ಡ ಕಡ್ಡಿಗಿಂತ ಒಂದೇ ಬಗೆಯ ನಾಲ್ಕು ಕಡ್ಡಿಗಳನ್ನು ಕೊಂಡರೆ ನಾಲ್ಕೂ ಚಾನೆಲ್ ಬಳಕೆಗೆ ಬರುತ್ತವೆ.

ಕೂಲರ್ ಕೊಳ್ಳುವ ಮುನ್ನ ಸಾಕೆಟ್ಟಿನ ಸ್ಕ್ರೂ ತೂತುಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆಯಿರಿ. ಚೌಕ ಮಾದರಿಯಲ್ಲಿ ಅದು 80 ಮತ್ತು 80 ಮಿಲಿಮೀಟರ್, ಕಿರಿದಾದ ಮಾದರಿಯಲ್ಲಿ 56 ಮತ್ತು 94. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. 120 ವ್ಯಾಟಿನ ಈ ಪ್ರೊಸೆಸರಿಗೆ 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಸಾಕು. ರ್‍ಯಾಕ್ ಸರ್ವರಿನ ಚಿಕ್ಕ ಫ್ಯಾನುಗಳನ್ನು ಮನೆಗೆ ತರಲೇಬೇಡಿ, ಒಂದೇ ಕೋಣೆ-ಅಡುಗೆಮನೆಯ ಸಂಸಾರದಲ್ಲಿ ಅವುಗಳ ಚೀತ್ಕಾರದ ನಡುವೆ ಯಾರಿಗೂ ನಿದ್ದೆ ಬಾರದು.

ಪವರ್ ಸಪ್ಲೈ ಮಾತ್ರ ಹೊಸದಿರಲಿ. ನಾಲ್ಕೈದು ಹಾರ್ಡ್‌ಡಿಸ್ಕ್‌ಗಳಿರುವ ಒಂದು ಸಾಕೆಟ್ಟಿನ ಯಂತ್ರಕ್ಕೆ ಒಳ್ಳೆಯ 550 ವ್ಯಾಟಿನದ್ದು ಸಾಲುತ್ತದೆ. ಹಳೆಯ ಚಾಳು, ಕಟ್ಟಡಗಳಲ್ಲಿರುವವರು ಪ್ಲಗ್ಗಿಗೆ ಅರ್ಥಿಂಗ್ ನಿಜವಾಗಿಯೂ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿಕೊಳ್ಳಬೇಕು.

ಜೋಡಣೆ ಮತ್ತು ಪರೀಕ್ಷೆ

ಎಲ್ಲವನ್ನೂ ಕ್ಯಾಬಿನೆಟ್ಟಿಗೆ ಸೇರಿಸುವ ಮೊದಲು ಬೋರ್ಡಿನ ರಟ್ಟಿನ ಪೆಟ್ಟಿಗೆಯ ಮೇಲೆಯೇ ಒಮ್ಮೆ ಜೋಡಿಸಿ ನೋಡಿ. ಸಾಕೆಟ್ಟಿಗೆ ಎರಡು ಸನ್ನೆಗೋಲುಗಳಿವೆ (ಲಿವರ್), ಮೇಲಿರುವ ಗುರುತಿನ ಕ್ರಮದಲ್ಲೇ ತೆರೆಯಬೇಕು. ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು, ಮೂಲೆಯ ತ್ರಿಕೋನ ನೋಡಿ, ನೇರವಾಗಿ ಕೆಳಗಿಳಿಸಬೇಕು, ಜಾರಿಸಬಾರದು. ಎಂಟು ಪಿನ್ನಿನ ಪ್ರೊಸೆಸರ್ ಕೇಬಲ್ಲನ್ನೂ ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ನಿನ ಕೇಬಲ್ಲನ್ನೂ ಅದಲು ಬದಲು ಮಾಡಬೇಡಿ, ಒತ್ತಿ ತೂರಿಸಬೇಕಾಗಿ ಬಂದರೆ ಅದು ತಪ್ಪು ಕೇಬಲ್ ಎಂದೇ ಅರ್ಥ. ಕ್ಯಾಬಿನೆಟ್ಟಿಗೆ ಹಾಕುವಾಗ, ಬೋರ್ಡಿನಲ್ಲಿ ತೂತಿಲ್ಲದ ಕಡೆ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಉಳಿದಿದ್ದರೆ ಬಿಚ್ಚಿ ತೆಗೆಯಿರಿ, ಇಲ್ಲದಿದ್ದರೆ ಶಾರ್ಟ್ ಆಗುತ್ತದೆ.

ಮೊದಲ ಸಲ ಸ್ವಿಚ್ ಒತ್ತಿದಾಗ ಸರ್ವರ್ ಬೋರ್ಡು ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಾ ಕೆಲವು ನಿಮಿಷ ಪರದೆಯಲ್ಲಿ ಏನನ್ನೂ ತೋರಿಸದೆ ಇರಬಹುದು. ಗಾಬರಿಯಿಂದ ಆಫ್ ಮಾಡಬೇಡಿ. ಇ5 ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ. ಐಪಿಎಂಐ ಇರುವ ಬೋರ್ಡಿನಲ್ಲಿ ಪರದೆ ಜೋಡಿಸುವ ವಿಜಿಎ ಕಿಂಡಿ ಇರುತ್ತದೆ, ಉಳಿದವುಗಳಿಗೆ ಒಂದು ಗ್ರಾಫಿಕ್ಸ್ ಕಾರ್ಡ್ ಬೇಕು. ಆ ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶ ನಡೆಯಲಿ. ಮರುದಿನ ಎಲ್ಲ ಕೋರ್‌ಗಳಿಗೂ ಕೆಲಸ ಕೊಟ್ಟು ಒಂದು ಗಂಟೆ ಉಷ್ಣತೆಯನ್ನು ನೋಡಿ, 80 ಡಿಗ್ರಿ ದಾಟಿದರೆ ಕೂಲರನ್ನು ಪುನಃ ಕೂರಿಸಿ. ಟೆಸ್ಟಿಂಗ್ ವಾರಂಟಿ ಮುಗಿಯುವ ಮುನ್ನವೇ ಇದೆಲ್ಲ ಆಗಿಬಿಡಬೇಕು.

ಫ್ಯಾನುಗಳು ಉಸಿರಾಡುವಂತೆ ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ತಿರುಗತೊಡಗಿದರೆ ಅದು ದೋಷವಲ್ಲ. ಮನೆಬಳಕೆಯ ಫ್ಯಾನ್ ನಿಧಾನಕ್ಕೆ ತಿರುಗುವುದರಿಂದ ಸರ್ವರ್ ಬೋರ್ಡ್ ಅದನ್ನು ಕೆಟ್ಟಿದೆಯೆಂದು ಭಾವಿಸಿ ಪೂರ್ಣ ವೇಗಕ್ಕೆ ಏರಿಸುತ್ತದೆ, ವೇಗ ಕಂಡು ಮತ್ತೆ ಇಳಿಸುತ್ತದೆ. ಐಪಿಎಂಐಟೂಲ್ ಎಂಬ ತಂತ್ರಾಂಶದಿಂದ ಫ್ಯಾನಿನ ಕನಿಷ್ಠ ವೇಗದ ಮಿತಿಯನ್ನು ತಗ್ಗಿಸಿದರೆ ಸರಿಹೋಗುತ್ತದೆ. ಅದೇ ಹೊತ್ತಿನಲ್ಲಿ ಐಪಿಎಂಐ ಪಾಸ್‌ವರ್ಡನ್ನೂ ಬದಲಿಸಿ. ಹಿಂದಿನ ಮಾಲೀಕರದ್ದೋ ಕಾರ್ಖಾನೆಯದ್ದೋ ಪಾಸ್‌ವರ್ಡ್ ಹಾಗೆಯೇ ಉಳಿದಿರುತ್ತದೆ. ಐಪಿಎಂಐ ಕಿಂಡಿಯನ್ನು ಇಂಟರ್ನೆಟ್ಟಿಗೆ ಎಂದೂ ತೆರೆದಿಡಬಾರದು.

ತಂತ್ರಾಂಶದ ಮಾತು ಚಿಕ್ಕದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ, ವಿಂಡೋಸ್ 11 ಈ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ವರ್ಚುವಲ್ ಮಷೀನ್‌ಗಳಿಗೆ ಪ್ರಾಕ್ಸ್‌ಮಾಕ್ಸ್, ಕಡತಗಳನ್ನಷ್ಟೇ ಇಡಲು ಟ್ರೂನ್ಯಾಸ್ ಸಾಕು. ಡಿಸ್ಕುಗಳು ಜ಼ಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಜೋಡಿಯಾಗಿದ್ದರೂ ಕಡತಗಳ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲೇಬೇಕು. ನಮ್ಮ ತಾಳಮದ್ದಳೆಯ ಪ್ರತಿಯೊಂದು ನನ್ನ ಅಕ್ಕನ ಮನೆಯಲ್ಲಿದೆ.

ಬಿಲ್ಲು ಮತ್ತು ಮಳೆ

ಸದಾ 100 ವ್ಯಾಟ್ ತಿನ್ನುವ ಯಂತ್ರ ತಿಂಗಳಿಗೆ 72 ಯೂನಿಟ್, ವರ್ಷಕ್ಕೆ 876 ಯೂನಿಟ್ ಬಳಸುತ್ತದೆ. ಮುಂಬಯಿಯ ಮನೆಗಳ ದರ 100, 300, 500 ಯೂನಿಟ್‌ಗಳ ಮೆಟ್ಟಿಲುಗಳಲ್ಲಿ ಏರುವುದರಿಂದ, 250 ಯೂನಿಟ್ ಸುಡುವ ಮನೆಯಲ್ಲಿ ಈ 72ರ ಒಂದು ಭಾಗ ಮೇಲಿನ ಮೆಟ್ಟಿಲಿನ ದರಕ್ಕೆ ಹೋಗುತ್ತದೆ. ಪ್ಲಗ್ಗಿಗೆ ಹಾಕುವ ಸಣ್ಣ ವ್ಯಾಟ್ ಮೀಟರ್ ಕೊಂಡು ಒಂದು ವಾರ ಅಳೆಯಿರಿ. ರಾತ್ರಿ ಯಾರೂ ಬಳಸದಿದ್ದರೆ ನಿಗದಿತ ಹೊತ್ತಿಗೆ ತಾನೇ ಆರಿ, ಬೆಳಗ್ಗೆ ತಾನೇ ಏಳುವಂತೆ ಹೊಂದಿಸಿ.

ಮಳೆಗಾಲದ ನಾಲ್ಕು ತಿಂಗಳು ಮಾತ್ರ ನಾನು ಅದನ್ನು ಪೂರ್ತಿ ಆರಿಸಿಡುವುದಿಲ್ಲ. ನಡೆಯುತ್ತಿರುವ ಯಂತ್ರದ ಒಳಗು ಬೆಚ್ಚಗಿದ್ದು ಒಣಗಿರುತ್ತದೆ. ಆರಿಸಿ ಮೂಲೆಗಿಟ್ಟದ್ದರ ಸ್ಲಾಟ್‌ಗಳಿಗೆ ಈ ಊರಿನ ಉಪ್ಪುಗಾಳಿ, ತೇವ ಬಹುಬೇಗ ಕಿಲುಬು ಹಿಡಿಸುತ್ತವೆ. ಮೇ ಕೊನೆಯಲ್ಲಿ ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಿ, ಫ್ಯಾನುಗಳ ಧೂಳನ್ನು ಬ್ರಷ್ಷಿನಿಂದ ತೆಗೆದು, ಕ್ಯಾಬಿನೆಟ್ಟನ್ನು ಕಿಟಕಿಯ ಎರಚಲು ತಾಗದಂತೆ ನೆಲದಿಂದ ಒಂದಡಿ ಮೇಲಕ್ಕೆ ಎತ್ತಿ ಇಡುತ್ತೇನೆ.