‘ನೀನು ಯಾವಾಗಲೂ’ ಅನ್ನುವುದನ್ನು ಬಿಟ್ಟು ನೋಡಿ

ಗಂಡ ಹೆಂಡತಿ ನಡುವೆ ಮಾತು ಹೇಗೆ ಶುರುವಾಗುತ್ತದೋ ಹೆಚ್ಚಾಗಿ ಹಾಗೇ ಮುಗಿಯುತ್ತದೆ. ಅದಕ್ಕೇ ಈ ಸಲಹೆ. ‘ನೀನು ಯಾವಾಗಲೂ’, ‘ನೀನು ಒಂದು ದಿನವೂ’ ಅನ್ನುವುದನ್ನು ಬಿಟ್ಟುಬಿಡಿ. ‘ನೀನು ಯಾವತ್ತೂ ಫೋನ್ ಮಾಡಲ್ಲ’ ಅಂದ ಕೂಡಲೇ ಎದುರಿನವರು ‘ಮೊನ್ನೆ ಮಾಡಿದ್ದೆನಲ್ಲ’ ಅಂತ ಲೆಕ್ಕ ತೆಗೆಯುತ್ತಾರೆ. ನಿಮ್ಮ ಬೇಸರ ಅಲ್ಲಿಗೆ ಮೂಲೆಗೆ ಬಿತ್ತು. ಬದಲಿಗೆ, ‘ಲೇಟಾದಾಗ ನನಗೆ ಗಾಬರಿ ಆಗುತ್ತೆ, ಒಂದು ಮೆಸೇಜ್ ಹಾಕ್ತೀಯಾ?’ ಅಂತ ಕೇಳಿ. ಏನು ಬೇಕು ಅನ್ನುವುದು ನೇರವಾಗಿ ತಿಳಿಯುತ್ತದೆ.

‘ನಾವು’ ಅನ್ನುವ ಮಾತಿಗೂ ಬೆಲೆ ಇದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಲೆವೆನ್ಸನ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 154 ದಂಪತಿಗಳು ತಮ್ಮ ಮನಸ್ತಾಪದ ಬಗ್ಗೆ ಆಡಿದ ಮಾತುಗಳನ್ನು ನೋಡಿದ್ದರು. ‘ನಾವು’, ‘ನಮ್ಮ’ ಜಾಸ್ತಿ ಬಂದ ಕಡೆ ಕಹಿ ಕಡಿಮೆ ಇತ್ತು. ಹಾಗಂತ ಸುಮ್ನೆ ಪದ ತುರುಕಿದರೆ ಸಾಲದು. ‘ಈ ಸಾಲಕ್ಕೆ ನಾವು ಏನು ಮಾಡೋಣ?’ ಅಂದ ಮೇಲೆ ಇಬ್ಬರ ಮಾತಿಗೂ ಜಾಗ ಇರಬೇಕು ಅಲ್ವಾ?

ಹಂಗಿಸುವುದು ಮಾತ್ರ ಬೇಡವೇ ಬೇಡ. ಕೋಪಕ್ಕಿಂತ ಅದೇ ಜಾಸ್ತಿ ಕೊರೆಯುತ್ತದೆ. ಸಿಟ್ಟು ತಡೆಯಲಾಗದಿದ್ದರೆ ‘ಅರ್ಧ ಗಂಟೆ ಬಿಟ್ಟು ಮಾತಾಡೋಣ’ ಅನ್ನಿ. ಆಮೇಲೆ ನೀವೇ ಹೋಗಿ ಮಾತು ಶುರು ಮಾಡಿ.